ಒಪ್ಪಿಗೆ ಪತ್ರಕ್ಕೆ ಯಾರ ಸಹಿ?

2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯ್ತಿ ಚುನಾವಣೆ ನಡೆಯಿತು. ಊರೂರಿನ ಸರ್ಕಾರಿ ಶಾಲೆಗಳೇ ಮತಗಟ್ಟೆ, ಮೇಷ್ಟ್ರುಗಳೇ ಮತಗಟ್ಟೆ ಅಧಿಕಾರಿಗಳು. ಅಜ್ಜ-ಅಜ್ಜಿಯರು ಸಾಲು ನಿಂತು, ಶಾಲಾ ಕೊಠಡಿಯೊಳಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದರು. ಅದೇ ಕೊಠಡಿಯ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕೋವಿಡ್‌ಗೆ ಹೆದರಿ ಶಾಲೆ ಮುಚ್ಚಿದ ದಿನದಿಂದ ಎಣಿಸಿದರೆ 19 ತಿಂಗಳು. ಮದ್ಯದಂಗಡಿ ಮತ್ತೆ ತೆರೆಯಲು ಸುಮಾರು 40 ದಿನ ಸಾಕಾಗಿತ್ತು.

ಭಯ ಸುಳ್ಳಾಗಿರಲಿಲ್ಲ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದವರಲ್ಲಿ ಸೋಂಕು ಕಂಡಾಗ ಮಂಡ್ಯ ಜಿಲ್ಲೆಯ ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳು ಬೆಚ್ಚಿಬಿದ್ದಿದ್ದವು. ಸಕ್ಕರೆ ಕಾಯಿಲೆಯ ಅಜ್ಜಿಯ ಮಗ್ಗುಲಲ್ಲೇ ಮೊಮ್ಮಕ್ಕಳು ಮಲಗುವ ಮನೆಗಳಿವು. ಆಗಸ್ಟ್‌ನಲ್ಲಿ ಅರಳಿಕಟ್ಟೆ, ಗುಡಿಯ ಜಗಲಿಗಳಲ್ಲಿ ಮೇಷ್ಟ್ರುಗಳು ಪಾಠ ಹೇಳಲು ಶುರುವಾದ ವಿದ್ಯಾಗಮ ಯೋಜನೆ ಅಕ್ಟೋಬರ್‌ನಲ್ಲಿ ನಿಂತದ್ದೂ ಈ ಭಯಕ್ಕೇ. ಮೊದಲ ತಿಂಗಳುಗಳಲ್ಲಿ ಶಾಲೆ ಮುಚ್ಚಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಆಮೇಲೆ ಮಕ್ಕಳೇನು ಮನೆಯೊಳಗೇ ಕೂತಿದ್ದರೇ? ಅಪ್ಪನ ಹಿಂದೆ ಸಂತೆಗೆ, ಗದ್ದೆಗೆ, ಪಾಂಡವಪುರದ ಕಡೆಯಾದರೆ ಆಲೆಮನೆಗೆ ಹೋದರು. ಅಜ್ಜಿಗೆ ಸೋಂಕು ಬರುವ ದಾರಿಗಳು ಹತ್ತಿದ್ದವು. ಮುಚ್ಚಿದರೆ ಯಾರೂ ಗದ್ದಲ ಮಾಡದ ದಾರಿ ಶಾಲೆಯೊಂದೇ.

ಆನ್‌ಲೈನ್ ಪಾಠವಿತ್ತಲ್ಲ ಎನ್ನುವವರಿದ್ದಾರೆ. ನಮ್ಮ ಬೀದಿಯ ಹುಡುಗಿಯೊಬ್ಬಳ ಪಾಠವೆಲ್ಲ ಅವಳಪ್ಪನ ಅಂಗಿ ಜೇಬಿನಲ್ಲಿತ್ತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಗದ್ದೆಗೆ ಹೋದ ಅವನು ಕತ್ತಲಾದ ಮೇಲೆ ಬರುವಷ್ಟರಲ್ಲಿ ಡೇಟಾ ಖಾಲಿ, ಮಗಳಿಗೆ ನಿದ್ದೆ. ಒಂದನೇ ತರಗತಿಯ ಕೊಠಡಿಯನ್ನೇ ನೋಡದೆ ಅವಳು ನೇರ ಎರಡಕ್ಕೆ ಹೋದಳು. ಬೋರ್ಡಿನ ಮೇಲಿದ್ದದ್ದು ‘ಮ’, ಅವಳು ಓದಿದ್ದು ‘ವ’. ಕಲಿಸಿದವರೇ ಇಲ್ಲದ ಮೇಲೆ ಅವಳ ತಪ್ಪೇನು? ಮೊದಲೇ ಕಲಿತಿದ್ದವರ ಪಾಡೂ ಚೆನ್ನಾಗಿರಲಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ ಕಲಿತಿದ್ದ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು.

ತೆರೆದ ಸರದಿಯೂ ತಲೆಕೆಳಗು. ಪರೀಕ್ಷೆ ಬರೆಯುವ ಎಸ್ಸೆಸ್ಸೆಲ್ಸಿ, ಪಿಯುಸಿಯವರು ಮೊದಲು, ಅಕ್ಷರ ತಿದ್ದುವವರು ಕೊನೆಗೆ. ಫೋನು ಹಿಡಿದು ತಾವೇ ಓದಿಕೊಳ್ಳಬಲ್ಲವರು ಯಾರು, ಕೈಹಿಡಿದು ಬರೆಸಬೇಕಾದವರು ಯಾರು ಎಂದು ಯಾರೂ ಯೋಚಿಸಲಿಲ್ಲ. ತಾಲ್ಲೂಕಿನ ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆಯಿದ್ದರೆ ಆರರಿಂದ ಎಂಟನೇ ತರಗತಿ ನಡೆಸಬಹುದೆಂಬ ನಿಯಮ ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಕೆ.ಆರ್.ಪೇಟೆಯ ಸೋಂಕಿಗೆ ಶ್ರೀರಂಗಪಟ್ಟಣದ ಶಾಲೆಗೆ ಬೀಗ ಬೇಡ ಎನ್ನುವ ಈ ಬುದ್ಧಿ ವರ್ಷ ಮೊದಲೇ ಬರಬಾರದಿತ್ತೇ?

ಕೊನೆಗೂ ತೆರೆದಾಗ ಕೇಳಿದ್ದು ಪೋಷಕರ ಒಪ್ಪಿಗೆ ಪತ್ರ. ಮನೆಯಲ್ಲಿ ಲ್ಯಾಪ್‌ಟಾಪು, ಟ್ಯೂಷನ್ನು ಇದ್ದವರಿಗೆ ಅದು ಆಯ್ಕೆ. ಕಬ್ಬು ಕಡಿಯುವವನಿಗೆ ಅದು, ನಾಳೆ ಏನಾದರೂ ಆದರೆ ‘ನೀನೇ ಸಹಿ ಹಾಕಿದ್ದೆಯಲ್ಲ’ ಎನ್ನಿಸಿಕೊಳ್ಳುವ ಕಾಗದ. ಕಳಿಸಬೇಕೋ ಬೇಡವೋ ಎಂದು ಅವನು ರಾತ್ರಿಯೆಲ್ಲ ಹೊರಳಾಡಿದ. ನಿರ್ಧರಿಸಬೇಕಾದವರು ಆ ಸಹಿಯ ಹಿಂದೆ ನಿಂತರು.

ಮುಂದಿನ ರೋಗ ಬಂದೇ ಬರುತ್ತದೆ. ಆಗ ಬಾರು, ಕಲ್ಯಾಣಮಂಟಪ, ಚುನಾವಣೆ ಎಲ್ಲ ನಿಂತ ಮೇಲೆ ಶಾಲೆ ನಿಲ್ಲಲಿ, ಎಲ್ಲಕ್ಕಿಂತ ಮೊದಲು ಶಾಲೆ ತೆರೆಯಲಿ. ತೆರೆಯುವುದಕ್ಕೆ ಅಪ್ಪನ ಸಹಿ ಬೇಡ. ಮುಚ್ಚಿಸಿದವರು ವಾರಕ್ಕೊಮ್ಮೆ ಕಾರಣ ಬರೆದು, ಸಹಿ ಹಾಕಿ, ಶಾಲೆಯ ಬಾಗಿಲಿಗೆ ಅಂಟಿಸಲಿ.