ಏರ್ ಶೋ ಸುರಕ್ಷತೆ ಅಂದ್ರೆ ಬರೀ ಮಾಂಸದಂಗಡಿ ಬಂದ್ ಮಾಡೋದಾ?



ಯಲಹಂಕದ ಏರೋ ಇಂಡಿಯಾ ವಿಡಿಯೋಗಳನ್ನ ದಾವಣಗೆರೆಯಲ್ಲಿ ಕೂತು ಫೋನಲ್ಲಿ ನೋಡಿ ಹೆಮ್ಮೆಪಟ್ಟೋರು ನಾವೂ ಇದ್ದೀವಿ. ಶೋ ಮುಗಿದ ಮೇಲೆ "ತೆರೆಮರೆಯ ಹೀರೋಗಳು" ಅಂತ ವಾಯುಪಡೆಯ ತಂತ್ರಜ್ಞರು, ಏರ್ ಟ್ರಾಫಿಕ್ ಕಂಟ್ರೋಲ್‌ನವರು, ಅಗ್ನಿಶಾಮಕ ದಳದವರನ್ನ ಹೊಗಳ್ತಾರೆ. ಹೊಗಳಲಿ, ಅದು ಆಟದ ಕೆಲಸ ಅಲ್ಲ. 2019ರಲ್ಲಿ ಶೋ ಶುರುವಾಗೋ ಹಿಂದಿನ ದಿನ ತಾಲೀಮಿನಲ್ಲಿ ಸೂರ್ಯಕಿರಣ್ ತಂಡದ ಎರಡು ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅದೇ ವಾರ ಪಾರ್ಕಿಂಗ್‌ನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು.

ಆದ್ರೆ ಈ ಹೀರೋಗಳ ಸಾಲಲ್ಲಿ ಪೌರಕಾರ್ಮಿಕರು ಎಲ್ರೀ?

ಹಾರೋ ವಿಮಾನದ ಎಂಜಿನ್ನಿಗೆ ಒಂದು ಹದ್ದು ಸಿಕ್ಕರೂ ಪೈಲಟ್ ಜೀವಕ್ಕೇ ಕುತ್ತು. ಇದು ನಿಜವಾದ ಅಪಾಯ, ನಾನು ಅಲ್ಲಗಳೆಯಲ್ಲ. ಹದ್ದು ಯಾಕೆ ಬರುತ್ತೆ? ಬಯಲಲ್ಲಿ ಸುರಿದ ಕಸಕ್ಕೆ. ಹರಿಹರದ ಹೊಳೆ ದಂಡೆಯಲ್ಲಿ ಕಸದ ಮೇಲೆ ಹದ್ದು ಸುತ್ತೋದು ನೋಡಿದೋರಿಗೆ ಇದನ್ನ ಹೇಳಿಕೊಡಬೇಕಿಲ್ಲ.

2025ರಲ್ಲಿ ಆಗಿನ ಬಿಬಿಎಂಪಿ ಏನು ಮಾಡ್ತು? ಫೆಬ್ರವರಿ 10ರಿಂದ 14ರವರೆಗಿನ 5 ದಿನದ ಶೋಗೆ ಜನವರಿ 23ರಿಂದ ಫೆಬ್ರವರಿ 17ರವರೆಗೆ, ಅಂದ್ರೆ 26 ದಿನ, 13 ಕಿ.ಮೀ. ಸುತ್ತ ಮಾಂಸದಂಗಡಿ, ಮಾಂಸಾಹಾರಿ ಹೋಟೆಲ್ ಬಂದ್ ಅಂತ ಆದೇಶ ಹೊರಡಿಸ್ತು. ತೋರಿಸಿದ್ದು 1937ರ ವಿಮಾನ ನಿಯಮಗಳ 91ನೇ ನಿಯಮ. ಅದನ್ನ ಪೂರ್ತಿ ಓದ್ರಿ. ವಿಮಾನ ನಿಲ್ದಾಣದ 10 ಕಿ.ಮೀ. ಸುತ್ತ ಪ್ರಾಣಿ ಕಡಿಯಬಾರದು, ಹಕ್ಕಿ ಸೆಳೆಯೋ ಕಸ ಸುರಿಯಬಾರದು ಅಂತ ಇದೆ. ವಿಲೇವಾರಿಗೆ ಸರಿಯಾದ ವ್ಯವಸ್ಥೆ ಇದ್ರೆ ಅನುಮತಿ ಕೊಡೋಕೂ ಅದರಲ್ಲೇ ದಾರಿ ಇದೆ. ಬೇಯಿಸಿ ಬಡಿಸೋದು ಅಪರಾಧ ಅಂತ ಎಲ್ಲಿದೆ? ಒಳಗೆ ಟೇಬಲ್ ಮೇಲಿಟ್ಟ ಬಿರಿಯಾನಿ ತಟ್ಟೆಗೆ ಹದ್ದು ಬರುತ್ತಾ?

ಶಟರ್ ಎಳೆಸೋದು ಸುಲಭ, ಒಂದು ನೋಟಿಸ್ ಸಾಕು. ಕಸ ಎತ್ತೋಕೆ ಜನ ಬೇಕು, ಗಾಡಿ ಬೇಕು, ಗ್ಲೌಸು, ಬೂಟು, ಹೊತ್ತಿಗೆ ಸರಿಯಾಗಿ ಸಂಬಳ ಬೇಕು. ಆ ಪೊರಕೆ ಹಿಡಿದ ಕೈ ಬಹುಪಾಲು ನಮ್ಮೋರದ್ದೇ. ನಮ್ಮ ಊಟ ಅಪಾಯದ ಪಟ್ಟಿಗೆ ಬಂತು, ನಮ್ಮ ದುಡಿಮೆ ಸುರಕ್ಷತೆಯ ಪಟ್ಟಿಗೆ ಬರಲೇ ಇಲ್ಲ.

ಹರಿಹರ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ಊರು. ಇಲ್ಲಿಂದಲೇ ಒಂದು ಮನವಿ ಹೋಗಲಿ ಅಂತೀನಿ. ಮುಂದಿನ ಶೋಗೆ ಅಂಗಡಿ ಮುಚ್ಚಿಸಿದರೆ ದಿನಗೂಲಿ ಲೆಕ್ಕದಲ್ಲಿ ಪರಿಹಾರ ಕೊಡಲಿ, ಕಸ ಎತ್ತೋರನ್ನ ಸುರಕ್ಷತಾ ತಂಡ ಅಂತ ಆದೇಶದಲ್ಲೇ ಬರೆಯಲಿ, ಭತ್ಯೆ ಕೊಡಲಿ. ಸಹಿ ಹಾಕೋ ಸಂಗಾತಿಗಳು ಇನ್‌ಬಾಕ್ಸಿಗೆ ಬನ್ರಿ, ಕರಡು ನಾನೇ ಟೈಪ್ ಮಾಡ್ತೀನಿ.