ಜೇನು: ತೂಕವೋ, ಅಳತೆಯೋ?

ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರದ ಬಿಡಿಭಾಗದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅದನ್ನು ತಿರಸ್ಕರಿಸುವರು. ಅಡುಗೆಮನೆಯಲ್ಲಿ ಮಾತ್ರ ನಾವು ಜೇನಿನ ತೂಕವನ್ನೂ ಅಳತೆಯನ್ನೂ ಒಂದೆಂದೇ ಭಾವಿಸುವುದುಂಟು. ಹಿಂದೆ ಸೇರು ಎಂಬ ಒಂದೇ ಹೆಸರು ಎರಡಕ್ಕೂ ಸಲ್ಲುತ್ತಿತ್ತು. 1958ರಲ್ಲಿ ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದ ಮೇಲೂ ಈ ಗೊಂದಲ ಉಳಿಯಬೇಕೆ?

ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಯೇ ಇರುವುದರಿಂದ ಅದು ನೀರಿನ ಸುಮಾರು 1.4ರಷ್ಟು ಭಾರವುಳ್ಳದ್ದು. 240 ಗ್ರಾಂ ನೀರು ಹಿಡಿಯುವ ಬಟ್ಟಲಿನಲ್ಲಿ ಜೇನು ಸುಮಾರು 340 ಗ್ರಾಂ ಹಿಡಿಯುವುದು. 240 ಗ್ರಾಂ ಬೇಕಾದ ಕೇಕಿಗೆ ಬಟ್ಟಲು ತುಂಬ ಸುರಿದರೆ ಒಳಗೆ ಬೇಯುವ ಮುನ್ನವೇ ಮೇಲೆ ಕಪ್ಪಾದೀತು. ಕೊಳ್ಳುವಾಗಲೂ ಎಚ್ಚರ ಬೇಕು: 500 ಗ್ರಾಂ ಜೇನೆಂದರೆ ಸುಮಾರು 350 ಮಿಲಿಲೀಟರ್ ಮಾತ್ರ.

ಆದಕಾರಣ ಪಾಕಪುಸ್ತಕಗಳು ಜೇನನ್ನು ಗ್ರಾಂಗಳಲ್ಲಿಯೇ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ತಕ್ಕಡಿಯಿಲ್ಲದವರು ಗ್ರಾಂಗಳನ್ನು 1.4ರಿಂದ ಭಾಗಿಸಲಿ, ಮಿಲಿಲೀಟರಿನ ಲೆಕ್ಕ ದೊರೆಯುವುದು.