ತೂಕವೂ ತ್ರಾಣವೂ

ಕನ್ನಡದಲ್ಲಿ ತೂಕ ಎಂಬುದು ಮರ್ಯಾದೆಯ ಮಾತು. ತೂಕದ ಮನುಷ್ಯನೆಂದರೆ ನಾಲ್ಕು ಜನ ಎದ್ದು ನಿಂತು ಗೌರವಿಸತಕ್ಕವನು. ತೂಕವಾಗಿ ಮಾತನಾಡುವವನಿಗೆ ಸಭೆ ಕಿವಿಗೊಡುತ್ತದೆ. ಹಗುರವಾದ ಮಾತು, ಹಗುರವಾದ ನಡತೆ ಎಂದರೆ ಸಾಕು, ಅಲ್ಲಿ ನಿಂದೆ ಬಂದೇಬಿಟ್ಟಿತು. ಇಂಥ ಭಾಷೆಯನ್ನಾಡುವ ನಮಗೆ ನಲವತ್ತು ದಾಟಿದೊಡನೆ ವೈದ್ಯರು, ನೆಂಟರು, ಜಾಹೀರಾತಿನವರು ಎಲ್ಲರೂ ಒಕ್ಕೊರಲಿನಿಂದ ಹೇಳುವ ಬುದ್ಧಿವಾದ ಒಂದೇ: ತೂಕ ಇಳಿಸಿ. ಹೇಳಿದಂತೆ ಇಳಿಸಿಕೊಂಡವನನ್ನಾದರೂ ಜನ ಸುಮ್ಮನೆ ಬಿಡುತ್ತಾರೆಯೇ? “ಏನು ಮೇಷ್ಟ್ರೇ, ತೀರ ಇಳಿದುಹೋದಿರಲ್ಲ, ಸಕ್ಕರೆ ಕಾಯಿಲೆಯೇ?” ಎಂದು ಕೇಳುವವರೂ ಅವರೇ.

ಈ ಗದ್ದಲದಲ್ಲಿ ಮುಖ್ಯವಾದ ವಿಷಯವೊಂದು ಮರೆಯಾಗಿದೆಯೆಂಬುದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಕುಳಿತೇ ಬಾಳಿದವನ ದೇಹಕ್ಕೆ ಬಂದು ಸೇರಿದ್ದು ಒಂದುಂಟು, ಬಿಟ್ಟುಹೋದದ್ದು ಒಂದುಂಟು. ಬಂದು ಸೇರಿದ ಬೊಜ್ಜು ಕಣ್ಣಿಗೆ ಕಾಣುತ್ತದೆ. ನಡುಪಟ್ಟಿಯ ತೂತುಗಳು ಅದರ ಲೆಕ್ಕವಿಡುತ್ತವೆ. ಬಿಟ್ಟುಹೋದ ಕಸುವು ಯಾರ ಕಣ್ಣಿಗೂ ಬೀಳುವುದಿಲ್ಲ. ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ನಾಯು ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಕರಗುತ್ತ ಹೋಗುತ್ತದೆಂದೂ ದುಡಿಸದೆ ಬಿಟ್ಟರೆ ಕರಗುವ ವೇಗ ಹೆಚ್ಚುತ್ತದೆಂದೂ ಶರೀರಶಾಸ್ತ್ರ ಬಲ್ಲವರು ಹೇಳುತ್ತಾರೆ. ಕರಗಿದ ಸ್ನಾಯುವಿನ ಬದಲಿಗೆ ಅಷ್ಟೇ ಕೊಬ್ಬು ಬಂದು ಕುಳಿತರೆ ತೂಕದ ಯಂತ್ರದ ಮುಳ್ಳು ಅಲುಗುವುದೇ ಇಲ್ಲ. ಆ ಯಂತ್ರಕ್ಕೆ ಎರಡೂ ಒಂದೇ. ಇನ್ನು ಬರಿಯ ಊಟ ಬಿಟ್ಟು ತೂಕ ಇಳಿಸಿಕೊಂಡವರ ವಿಷಯ. ಅವರು ಕಳೆದುಕೊಂಡದ್ದರಲ್ಲಿ ಸುಮಾರು ಕಾಲು ಪಾಲು ಕೊಬ್ಬಾಗಿರದೆ ಸ್ನಾಯು ಮೊದಲಾದದ್ದಾಗಿರುತ್ತದೆ. ಬೇಡವಾದುದನ್ನು ಹೊರಹಾಕುವ ಭರದಲ್ಲಿ ಬೇಕಾದುದನ್ನೂ ಎಸೆದಂತೆ. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದಿಳಿದ ತೂಕ ಇಳಿಸುವ ಚುಚ್ಚುಮದ್ದುಗಳ ಮಾತೂ ಬೇರೆಯಲ್ಲ. ವೈದ್ಯರು ಬೇಕೆಂದವರಿಗೆ ಅವು ಉಪಕಾರಿಯಾಗಿರಬಹುದು; ಆದರೆ ಹಸಿವನ್ನು ಕಡಮೆ ಮಾಡುವ ಸೂಜಿ ತೋಳಿಗೆ ಬಲ ತುಂಬಲಾರದು.

ನನ್ನ ವೃತ್ತಿಯ ಮಾತನ್ನೇ ಹೇಳುತ್ತೇನೆ. ಅಧ್ಯಾಪಕನೆಂದರೆ ನಿಂತು ದುಡಿಯುವವನೆಂದು ಹೊರಗಿನವರ ನಂಬಿಕೆ. ದಿನಕ್ಕೆ ಎರಡು ಮೂರು ಗಂಟೆ ನಿಲ್ಲುವುದು ನಿಜ. ಮಿಕ್ಕ ಹೊತ್ತೆಲ್ಲ ಉತ್ತರಪತ್ರಿಕೆ, ವರದಿ, ಕಂಪ್ಯೂಟರಿನ ಪರದೆ. ಹದಿನೈದು ವರ್ಷ ಹೀಗೆ ಕಳೆದಿರಲು, ಒಂದು ಬೆಳಗ್ಗೆ ನನ್ನ ತಾಯಿ ಬಚ್ಚಲಮನೆಯಲ್ಲಿ ಜಾರಿ ಕುಳಿತುಬಿಟ್ಟರು. ದೈವಕೃಪೆಯಿಂದ ಪೆಟ್ಟಾಗಿರಲಿಲ್ಲ. ಆದರೆ ಅವರನ್ನು ಎತ್ತಿ ನಿಲ್ಲಿಸುವುದು ನನ್ನೊಬ್ಬನ ಕೈಯಲ್ಲಾಗಲಿಲ್ಲ. ನೆರೆಮನೆಯ ಹುಡುಗನನ್ನು ಕೂಗಿ ಕರೆಯಬೇಕಾಯಿತು. ತಾಯಿ ನನ್ನ ಏದುಸಿರನ್ನು ನೋಡಿ ಆ ಹುಡುಗನಿಗೆ, “ಇವನನ್ನೂ ಒಂದಿಷ್ಟು ಹಿಡಿದುಕೋಪ್ಪ” ಎಂದರು. ತ್ರಾಣ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಬಲ ಎಂಬ ಅರ್ಥದ ಜೊತೆಗೆ ಕಾಪಾಡುವುದು ಎಂಬ ಅರ್ಥವೂ ಉಂಟು. ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ ಈ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಆ ಬಚ್ಚಲಮನೆಯಲ್ಲಿ.

ನಮ್ಮ ಹಿರಿಯರಿಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಅವರು ವ್ಯಾಯಾಮ ಮಾಡುತ್ತಿದ್ದರೆಂದಲ್ಲ, ಮಾಡದಿರಲು ಅವಕಾಶವೇ ಇರಲಿಲ್ಲ. ಬಾವಿಯ ನೀರು, ಬೀಸುವ ಕಲ್ಲು, ಒನಕೆ. ಇವುಗಳ ಗುಣಗಾನ ಮಾಡುವ ಲೇಖನಗಳನ್ನು ಆಗಾಗ ಓದುತ್ತೇನೆ. ಬರೆದವರು ಒನಕೆ ಹಿಡಿದವರಲ್ಲವೆಂಬುದು ಎರಡನೆಯ ವಾಕ್ಯದಲ್ಲೇ ಗೊತ್ತಾಗುತ್ತದೆ. ಆ ದುಡಿತ ಹೆಂಗಸರ ಸೊಂಟ ಮುರಿಯಿತು. ಅದು ಹೋದದ್ದೇ ಒಳ್ಳೆಯದು. ಆದರೆ ಅದರ ಜೊತೆಗೆ ಹೋಗಬಾರದ ಒಂದು ವಸ್ತುವೂ ಹೋಯಿತು: ನೆಲ. ಉಣ್ಣುವುದು, ಓದುವುದು, ಹರಟುವುದು ಎಲ್ಲ ನೆಲದ ಮೇಲೇ ಆಗುತ್ತಿದ್ದಾಗ ಒಬ್ಬೊಬ್ಬರೂ ದಿನಕ್ಕೆ ಇಪ್ಪತ್ತು ಮೂವತ್ತು ಸಾರಿ ಕೂತು ಏಳುತ್ತಿದ್ದರು. ಮದುವೆಯ ಪಂಕ್ತಿ ನೆಲದಿಂದ ಮೇಜಿಗೆ ಏರಿದ್ದು ನನ್ನ ಕಣ್ಣೆದುರಿಗೇ. ಇಂದು ನನ್ನ ವಯಸ್ಸಿನವರನ್ನು ನೆಲದ ಎಲೆಯ ಮುಂದೆ ಕೂರಿಸಿ ನೋಡಿ. ಊಟವಾದ ಮೇಲೆ ಕೈಯೂರದೆ ಎದ್ದು ನಿಲ್ಲುವವರು ಎಷ್ಟು ಮಂದಿ?

ಕೂತು ಏಳುವ ಇದೇ ಕ್ರಿಯೆಗೆ ಗರಡಿಮನೆಯಲ್ಲಿ ಬಸ್ಕಿ ಎಂದು ಹೆಸರು. ಕಾಲಿನ, ಸೊಂಟದ ದೊಡ್ಡ ಸ್ನಾಯುಗಳಿಗೆಲ್ಲ ಒಮ್ಮೆಗೇ ಕೆಲಸ ಕೊಡುವ ಇಷ್ಟು ಸುಲಭವಾದ ಸಾಧನೆ ಬೇರೊಂದಿಲ್ಲ. ಅದನ್ನು ಶಾಲೆಯ ಮೇಷ್ಟರುಗಳು ಕಿವಿ ಹಿಡಿಸಿ ಶಿಕ್ಷೆಯನ್ನಾಗಿ ಮಾಡಿಬಿಟ್ಟರು. ಪರಿಣಾಮವಾಗಿ ಬಸ್ಕಿ ಎಂದೊಡನೆ ಸಭ್ಯ ಗೃಹಸ್ಥನಿಗೆ ನಾಚಿಕೆ. ಗಣಪತಿಯ ಮುಂದೆ ಮಾತ್ರ ಅದಕ್ಕೆ ವಿನಾಯಿತಿ. ಗರಡಿಯೆಂದರೆ ಪೈಲ್ವಾನರ ಜಾಗ, ಓದುಬರಹದವರಿಗೆ ಸಲ್ಲದು ಎಂಬ ಭಾವನೆಯೂ ಬೆಳೆದಿದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದವರೆಂದು, 1930ರ ದಶಕದಲ್ಲಿಯೇ ಅಂಗಸಾಧನೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಪ್ರಕಟಿಸಿದವರೆಂದು, ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದವರೆಂದು ಹೇಳಿದರೆ ನನ್ನ ಎಂ.ಎ. ವಿದ್ಯಾರ್ಥಿಗಳು ನಂಬುವುದಿಲ್ಲ. ಕಾದಂಬರಿಕಾರನಿಗೆ ತೋಳುಗಳಿರಬಾರದೆಂದು ಅವರಿಗೆ ಯಾರು ಹೇಳಿಕೊಟ್ಟರೋ!

ಹೋದ ಬಲ ಮರಳಿ ಬರುವುದೇ? ಬರುತ್ತದೆ, ನಾವೆಣಿಸಿದುದಕ್ಕಿಂತ ಬೇಗನೆ ಬರುತ್ತದೆ. 1990ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ವರದಿಯನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಬಾಸ್ಟನ್ ನಗರದ ವೃದ್ಧರ ಆರೈಕೆಯ ಮನೆಯೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನ ದುರ್ಬಲರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ತೊಂಬತ್ತರವರಿಗೆ ಆದದ್ದು ನಲವತ್ತೈದರವನಿಗೆ ಆಗದೆ?

ನಾನು ಮಾಡಿದ್ದು ಬಹಳ ಸಾಮಾನ್ಯವಾದದ್ದು. ಕುರ್ಚಿಯಿಂದ ಕೈಯೂರದೆ ಹತ್ತು ಸಾರಿ ಏಳುವುದು. ಗೋಡೆಗೆ ಕೈಕೊಟ್ಟು ದಂಡೆ. ಎರಡು ಬಿಂದಿಗೆ ನೀರು ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು. ಎರಡು ವಾರಕ್ಕೊಮ್ಮೆ ಸ್ವಲ್ಪ ಏರಿಸುವುದು, ವಾರದಲ್ಲಿ ಮೂರು ದಿನ ಮಾತ್ರ. ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡತಕ್ಕದ್ದು, ಹಣೆಯಲ್ಲಿ ಬೆವರು ಮೂಡಿ ಬಾಯಿಯಿಂದ ಉಸಿರು ಬರುವ ಹೊತ್ತಿಗೆ ನಿಲ್ಲಿಸತಕ್ಕದ್ದು ಎಂಬುದು ನಮ್ಮ ಆಯುರ್ವೇದದ ಹಳೆಯ ವಿಧಿ. ಬಹುಕಾಲ ಕುಳಿತಿದ್ದವನಿಗೆ ಇದಕ್ಕಿಂತ ಕ್ಷೇಮವಾದ ಅಳತೆ ನನಗೆ ದೊರೆತಿಲ್ಲ. ಮೊದಲ ಕೆಲವು ವಾರಗಳಲ್ಲಿ ಬರುವ ಬಲ ಸ್ನಾಯು ದಪ್ಪವಾದದ್ದರಿಂದಲ್ಲ, ನರಗಳು ಮರೆತ ಪಾಠವನ್ನು ಮತ್ತೆ ಕಲಿತದ್ದರಿಂದ. ಸ್ನಾಯುವನ್ನು ಮೂಳೆಗೆ ಬಿಗಿಯುವ ಕಂಡರಗಳು ಇನ್ನೂ ನಿಧಾನ. ಆ ಉತ್ಸಾಹದಲ್ಲಿ ಒಮ್ಮೆಗೇ ಭಾರ ಏರಿಸಿದವರು ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂರುವುದನ್ನು ಕಂಡಿದ್ದೇನೆ.

ಬೊಜ್ಜು ಕರಗುವ ಜಾಗ ಮಾತ್ರ ಅಂಗಳವಲ್ಲ, ಊಟದೆಲೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವಾಗ ಅದನ್ನು ಬರಿಯ ನಡಿಗೆಯಿಂದ ಕರಗಿಸುತ್ತೇನೆನ್ನುವುದು ದೊಡ್ಡ ಹರಕೆ. ನಾನು ಅನ್ನವನ್ನು ಅರ್ಧಕ್ಕಿಳಿಸಿ ಕಾಳು, ಮೊಸರು ಹೆಚ್ಚಿಸಿದೆ. ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಅನ್ನ ತಿಳಿಸಾರಿನಲ್ಲಿ ಅಷ್ಟನ್ನು ಪಡೆಯುವುದು ಕಷ್ಟ. ಹುರುಳಿಯನ್ನು ಕುದುರೆಯ ಮೇವೆಂದು ಹಳಿದವರಿಗೆ ಅದರ ಹುರುಳು ತಿಳಿಯದು. ಎಂಟು ತಿಂಗಳಲ್ಲಿ ನನ್ನ ತೂಕ ಇಳಿದದ್ದು ಐದೇ ಕಿಲೋ. ನಡುಪಟ್ಟಿ ಮೂರು ತೂತು ಒಳಕ್ಕೆ ಹೋಯಿತು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಎರಡು ಮಾತು: ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆ, ಮತ್ತು ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಮೊದಲನೆಯದನ್ನು ಊರೂರಿನ ಉದ್ಯಾನಗಳು ಚೆನ್ನಾಗಿ ಕಲಿತಿವೆ. ಎರಡನೆಯದು ಯಾರ ಕಿವಿಗೂ ಬಿದ್ದಂತಿಲ್ಲ. ಅದಕ್ಕೆ ಜಾಗವಿಲ್ಲವೆನ್ನುವಂತೆಯೂ ಇಲ್ಲ. ಮೈಸೂರು, ದಾವಣಗೆರೆಗಳಲ್ಲಿ ಗರಡಿಗಳು ಇನ್ನೂ ಉಳಿದಿವೆ. ಅನೇಕ ಸರಕಾರಿ ಕಾಲೇಜುಗಳಲ್ಲಿ ವ್ಯಾಯಾಮಶಾಲೆಯೆಂಬ ಕೊಠಡಿ ಇದೆ. ಪಂದ್ಯಕ್ಕೆ ಹೋಗುವ ನಾಲ್ಕಾರು ಹುಡುಗರಿಗೆ ತೆರೆದು, ಮಿಕ್ಕ ದಿನ ಬೀಗ ಹಾಕಿರುತ್ತಾರೆ. ಅದನ್ನು ಸಂಜೆ ಐದರಿಂದ ಏಳರವರೆಗೆ ಗುಮಾಸ್ತರಿಗೆ, ಅಧ್ಯಾಪಕರಿಗೆ, ಊರಿನ ಹೆಂಗಸರಿಗೆ, ಪಿಂಚಣಿದಾರರಿಗೆ ತೆರೆಯಬಾರದೇಕೆ? ನಮ್ಮಲ್ಲಿ ಕೇಳಿದ್ದಕ್ಕೆ, ಹಾಗೆ ತೆರೆಯಲು ನಿಯಮವಿಲ್ಲವೆಂದರು. ತೆರೆಯಬಾರದೆಂಬ ನಿಯಮವಾದರೂ ಇದೆಯೇ ಎಂದು ಬರೆದು ಕೇಳಿದ್ದೇವೆ. ಅರ್ಜಿಗೆ ರುಜು ಹಾಕಿದ ಹನ್ನೊಂದು ಜನರಲ್ಲಿ ಇಬ್ಬರು ಈ ವರ್ಷ ನಿವೃತ್ತರಾಗುವವರು.